ಮೂಸ್ ಬೇಟೆಗೆ .308 ತೋಟಾ ಮತ್ತು ನಾರ್ಮಾ ಓರಿಕ್ಸ್ ಗುಂಡು: ಒಂದು ವಿಮರ್ಶೆ

ಸ್ವೀಡನ್ನಿನ ಪಶ್ಚಿಮ ಗಡಿಯಲ್ಲಿರುವ ವೆರ್ಮ್‌ಲಾಂಡ್ ಪ್ರಾಂತದ ಓಮೊತ್‌ಫೋರ್ಸ್ ಎಂಬ ಪುಟ್ಟ ಊರಿನಲ್ಲಿ ನಾರ್ಮಾ ಕಂಪನಿಯ ತೋಟಾ ಕಾರ್ಖಾನೆ ಇದೆ. 1902ರಲ್ಲಿ ಸ್ಥಾಪನೆಯಾದ ಈ ಕಂಪನಿಯ ಓರಿಕ್ಸ್ ಗುಂಡನ್ನು .308 ವಿಂಚೆಸ್ಟರ್ ತೋಟಾದಲ್ಲಿ, 11.7 ಗ್ರಾಂ ತೂಕದಲ್ಲಿ, ಹಲವು ಹಂಗಾಮುಗಳಿಂದ ಬಳಸುತ್ತಿದ್ದೇನೆ. ಈ ಬರಹ ಮುಖ್ಯವಾಗಿ, ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆಗೆ ಅದು ಹೇಗೆ ಎಂಬುದರ ವಿಮರ್ಶೆ. ತೋಟಾ ಅಂದರೆ ಕೊಳವೆ, ಮದ್ದು, ಗುಂಡು ಎಲ್ಲ ಸೇರಿದ್ದು; ಗುಂಡು ಅಂದರೆ ಅದರಿಂದ ಹಾರಿಹೋಗುವ ಲೋಹದ ತುಂಡು ಮಾತ್ರ. ಆದರೆ ಒಂದು ಗುಂಡಿನ ಗುಣವನ್ನು ಹೇಳಬೇಕಾದರೆ ಅದರ ಜೊತೆಗೇ ಅಂಗಡಿಯ ಕಪಾಟಿನಲ್ಲಿ ಕುಳಿತಿರುವ ಬೇರೆ ತೋಟಾಗಳನ್ನೂ ಗುಂಡುಗಳನ್ನೂ ಪಕ್ಕದಲ್ಲಿಟ್ಟು ನೋಡಲೇಬೇಕು, ಹಾಗಾಗಿ 6.5×55, .30-06 ಮತ್ತು 9.3×62 ಎಂಬ ತೋಟಾಗಳ ಮಾತೂ ಬರುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನೂರೈವತ್ತು ಮೀಟರಿನ ಒಳಗಿನ ಈಡಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ, ಅದರಾಚೆಗೆ ಇದನ್ನು ನೆಚ್ಚಿಕೊಳ್ಳಬಾರದು, ಮತ್ತು ಅಂಗಡಿಗೆ ಹೋದಾಗ ತೋಟಾದ ಹೆಸರಿಗಿಂತ ಮೊದಲು ಗುಂಡಿನ ಹೆಸರನ್ನು ವಿಚಾರಿಸಬೇಕು.

ಕರ್ನಾಟಕದಲ್ಲಿ, ಹಾಗೆ ನೋಡಿದರೆ ಇಡೀ ಭಾರತದಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಶಿಕಾರಿ ಮುಗಿದ ಅಧ್ಯಾಯ. ಅದು ಮುಗಿದದ್ದೇ ಒಳ್ಳೆಯದು. ಸ್ವೀಡನ್, ನಾರ್ವೆ, ಫಿನ್‌ಲೆಂಡ್, ಕೆನಡಾಗಳಲ್ಲಿ ನೆಲೆಸಿ, ಅಲ್ಲಿನ ಬೇಟೆಗಾರರ ಪರೀಕ್ಷೆಯನ್ನು ಪಾಸು ಮಾಡಿ, ಪರವಾನಗಿ ಪಡೆದು, ಸರ್ಕಾರ ಗೊತ್ತುಪಡಿಸಿದ ಸಂಖ್ಯೆಯೊಳಗೆ ಬೇಟೆಯಾಡುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರಲ್ಲಿ ಕೊಡಗು ಮತ್ತು ಮಲೆನಾಡಿನ ಕಡೆಯವರು ಕೆಲವರಿದ್ದಾರೆ, ಮನೆಯ ಗೋಡೆಯ ಮೇಲೆ ತೋಟೆಕೋವಿಯನ್ನು ನೋಡುತ್ತಲೇ ಬೆಳೆದವರು. ಆ ಕೋವಿಯ ಲೆಕ್ಕಾಚಾರ, ಅಂದರೆ ಚರೆ ಎಷ್ಟು, ಮದ್ದು ಎಷ್ಟು ಎಂಬುದು, ರೈಫಲ್ಲಿಗೆ ಬಂದಾಗ ಹೆಚ್ಚೇನೂ ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿ ಇರುವುದು ಒಂದೇ ಗುಂಡು. ಅದು ಪ್ರಾಣಿಯ ಮೈಯೊಳಗೆ ಹೊಕ್ಕ ಮೇಲೆ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಮುಖ್ಯ.

ಮೊದಲು ಪ್ರಾಣಿಯ ವಿಚಾರ. ನಮ್ಮ ಕಾಡಿನ ದೊಡ್ಡ ಕಡವೆಯನ್ನು ನೋಡಿದವರಿಗೂ ಮೂಸ್ ಎದುರಿಗೆ ಬಂದಾಗ ಅಳತೆ ತಪ್ಪುತ್ತದೆ. ಸ್ವೀಡನ್ನಿನ ಬಲಿತ ಗಂಡು ಮೂಸ್ ನಾನೂರು ಕಿಲೋ ಮುಟ್ಟುವುದುಂಟು. ಅಲಾಸ್ಕದ ಉಪಜಾತಿಯ ಗಂಡು ಆರುನೂರನ್ನೂ ದಾಟಬಲ್ಲದು. ಕಾಲುಗಳು ವಿಪರೀತ ಉದ್ದವಾಗಿರುವುದರಿಂದಲೂ ಭುಜದ ಮೇಲೆ ಗೂನು ಇರುವುದರಿಂದಲೂ, ಹೊಸಬರಿಗೆ ಎದೆಗೂಡು ಇರುವುದಕ್ಕಿಂತ ಮೇಲೆ ಇದ್ದಂತೆ ತೋರಿ, ಗುಂಡು ಬೆನ್ನಿನ ಹತ್ತಿರಕ್ಕೆ ಬೀಳುತ್ತದೆ. ನಿಜವಾಗಿ ಗುರಿಯಿಡಬೇಕಾದದ್ದು ಮುಂಗಾಲಿನ ತುಸು ಹಿಂದೆ, ಎದೆಯ ಕೆಳಗಿನಿಂದ ಸುಮಾರು ಮೂರನೆಯ ಒಂದು ಭಾಗದ ಎತ್ತರಕ್ಕೆ. ಅಲ್ಲಿ ಎರಡು ಶ್ವಾಸಕೋಶಗಳೂ ಸಿಗುತ್ತವೆ. ಸರಿಯಾಗಿ ಅಲ್ಲಿಗೇ ಬಿದ್ದರೂ ಪ್ರಾಣಿ ಅಲ್ಲಾಡದೆ ನಿಂತೇ ಇರಬಹುದು, ಏನೂ ಆಗದಂತೆ ಐವತ್ತು ನೂರು ಮೀಟರು ನಡೆದುಹೋಗಿ ಆಮೇಲೆ ಮುಗ್ಗರಿಸಬಹುದು. ಇದನ್ನು ಕಂಡ ಹೊಸ ಬೇಟೆಗಾರರು ತೋಟಾದ ಶಕ್ತಿ ಸಾಲದೆಂದು ತಿಳಿದು ಮರುವರ್ಷ ದೊಡ್ಡ ತೋಟಾಕ್ಕೆ ಹೋಗುತ್ತಾರೆ. ಶ್ವಾಸಕೋಶಕ್ಕೆ ಬಿದ್ದ ಪ್ರಾಣಿ ಬೀಳುವುದು ರಕ್ತಸ್ರಾವದಿಂದ, ಹೊಡೆತದ ರಭಸದಿಂದಲ್ಲ. ಅದಕ್ಕೆ ಕೆಲವು ಸೆಕೆಂಡುಗಳು ಬೇಕೇ ಬೇಕು, ಯಾವ ತೋಟಾ ಆದರೂ.

ಸ್ವೀಡನ್ನಿನ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮೂಸ್ ಬೇಟೆಗೆ ಒಂದನೆಯ ವರ್ಗದ ತೋಟಾ ಬೇಕು. ದೀರ್ಘಕಾಲದಿಂದ ಚಾಲ್ತಿಯಲ್ಲಿರುವ ನಿಯಮದ ಪ್ರಕಾರ ಗುಂಡು ಕನಿಷ್ಠ 9 ಗ್ರಾಂ ತೂಗಿದರೆ ನೂರು ಮೀಟರಿನಲ್ಲಿ ಕನಿಷ್ಠ 2700 ಜೂಲ್ ಶಕ್ತಿ ಉಳಿದಿರಬೇಕು. ಗುಂಡು 10 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೂಗಿದರೆ 2000 ಜೂಲ್ ಸಾಕು. ಜೊತೆಗೆ ಗುಂಡು ಮೈಯೊಳಗೆ ಅರಳುವಂಥದ್ದಾಗಿರಬೇಕು. ಸೇನೆಯವರು ಬಳಸುವ, ಸೀಸವನ್ನು ಲೋಹದ ಹೊದಿಕೆ ಪೂರ್ತಿ ಮುಚ್ಚಿರುವುದರಿಂದ ಅರಳದ ಗುಂಡಿಗೆ ಇಲ್ಲಿ ಅವಕಾಶವಿಲ್ಲ. ತೂಕ ಹೆಚ್ಚಿದರೆ ಶಕ್ತಿಯ ಷರತ್ತು ಸಡಿಲವಾಗುವುದನ್ನು ಗಮನಿಸಿ. ಭಾರವಾದ, ನಿಧಾನವಾದ ಗುಂಡು ಆಳಕ್ಕೆ ಹೋಗುತ್ತದೆ ಎಂಬ ಹಳೆಯ ಅನುಭವ ಆ ಒಂದು ಸಾಲಿನೊಳಗೆ ಅಡಗಿದೆ.

ಆ ಅನುಭವದ ದೊಡ್ಡ ಪಾಲು 6.5×55 ತೋಟಾದಿಂದ ಬಂದದ್ದು. ಸ್ವೀಡನ್ ಮತ್ತು ನಾರ್ವೆ ಒಂದೇ ಕಿರೀಟದ ಕೆಳಗಿದ್ದ ಕಾಲದಲ್ಲಿ, 1894ರಲ್ಲಿ, ಸೇನೆಗಾಗಿ ಅಂಗೀಕಾರವಾದ ಈ ತೋಟಾ ಮುಂದೆ ಹಳ್ಳಿಹಳ್ಳಿಯ ಬೇಟೆಗಾರರ ಕೈ ಸೇರಿತು. 10.1 ಗ್ರಾಂ ಗುಂಡು ನಳಿಕೆಯಿಂದ ಸೆಕೆಂಡಿಗೆ ಸುಮಾರು 780 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ನೂರು ಮೀಟರಿನಲ್ಲಿ 2400 ಜೂಲ್ ಆಸುಪಾಸಿನ ಶಕ್ತಿ ಉಳಿದಿರುತ್ತದೆ. ಕಾಗದದ ಮೇಲೆ ಇದು ಸಾಧಾರಣವಾಗಿ ಕಾಣುತ್ತದೆ. ಆದರೆ ಸಣಕಲಾಗಿ ಉದ್ದವಾಗಿರುವ ಆ ಗುಂಡು ಮಾಂಸದೊಳಗೆ ನೇರವಾಗಿ ಆಳಕ್ಕೆ ಇಳಿಯುತ್ತದೆ, ಭುಜಕ್ಕೆ ಒದೆತವೂ ಕಡಿಮೆ. ವಿರಾಜಪೇಟೆ ಕಡೆಯ ಕಿರಿಯ ಪರಿಚಿತರೊಬ್ಬರು ಫೋನಿನಲ್ಲಿ, "ಅಣ್ಣಾ, ಇಷ್ಟು ಸಣ್ಣ ಗುಂಡಿಗೆ ಅಷ್ಟು ದೊಡ್ಡ ಪ್ರಾಣಿ ಬೀಳುತ್ತದೆಯೇ?" ಎಂದು ಕೇಳಿದ್ದರು. ನೂರಕ್ಕೂ ಹೆಚ್ಚು ವರ್ಷಗಳಿಂದ ಬೀಳುತ್ತಲೇ ಇದೆ ಎಂಬುದು ಅದಕ್ಕೆ ಉತ್ತರ. ಒಂದು ಎಚ್ಚರಿಕೆ ಮಾತ್ರ ಬೇಕು. ಇದೇ ತೋಟಾದಲ್ಲಿ 9.1 ಗ್ರಾಂ ಗುಂಡುಗಳೂ ಮಾರಾಟಕ್ಕಿವೆ. ಅವುಗಳಲ್ಲಿ ಹಲವು ನೂರು ಮೀಟರಿನ 2700 ಜೂಲ್ ಗಡಿಯನ್ನು ಮುಟ್ಟುವುದಿಲ್ಲ. ಪೆಟ್ಟಿಗೆಯ ಹಿಂಬದಿಯ ಕೋಷ್ಟಕವನ್ನು ಓದದೆ ಕೊಂಡರೆ ಕಾನೂನಿಗೆ ಹೊರಗಾಗುತ್ತೀರಿ.

ಇನ್ನೊಂದು ತುದಿಯಲ್ಲಿ 9.3×62 ಇದೆ. ಬರ್ಲಿನ್ನಿನ ಕೋವಿ ತಯಾರಕ ಓಟ್ಟೊ ಬಾಕ್ ಇದನ್ನು 1905ರ ಹೊತ್ತಿಗೆ ಆಫ್ರಿಕದ ಜರ್ಮನ್ ವಸಾಹತುಗಳ ಬೇಟೆಗಾರರಿಗಾಗಿ, ಅಗ್ಗವಾಗಿ ಸಿಗುತ್ತಿದ್ದ ಮೌಸರ್ ರೈಫಲ್ಲಿಗೆ ಹೊಂದುವಂತೆ ರೂಪಿಸಿದ. 18.5 ಗ್ರಾಂ ಗುಂಡು, ಸೆಕೆಂಡಿಗೆ 720 ಮೀಟರ್ ವೇಗ, ನಳಿಕೆಯ ಬಾಯಲ್ಲಿ 4800 ಜೂಲ್. ನಾಯಿ ತಡೆದು ನಿಲ್ಲಿಸಿದ ಮೂಸನ್ನು ದಟ್ಟ ಪೊದೆಯ ನಡುವೆ ಹತ್ತಿರದಿಂದ ಹೊಡೆಯುವವರು ಇದನ್ನು ಬಿಟ್ಟುಕೊಡುವುದಿಲ್ಲ; ಗಾಯದ ಪ್ರಾಣಿಯನ್ನು ಹುಡುಕಿಕೊಂಡು ಹೋಗುವವರ ಕೈಯಲ್ಲೂ ಇದು ಕಾಣುತ್ತದೆ. ಕೆಲಸಕ್ಕೆ ಇದು ಒಳ್ಳೆಯ ತೋಟಾ, ಅದರಲ್ಲಿ ಸಂಶಯವಿಲ್ಲ. ಒಂದೇ ತೂಕದ ರೈಫಲ್ಲುಗಳಲ್ಲಿ ಹೋಲಿಸಿದರೆ ಇದರ ಒದೆತದ ಶಕ್ತಿ .308ರದ್ದಕ್ಕಿಂತ ಸುಮಾರು ಎರಡು ಪಟ್ಟು. ಅಭ್ಯಾಸದ ಮೈದಾನದಲ್ಲಿ ಒಂದು ಪೆಟ್ಟಿಗೆ ಖಾಲಿ ಮಾಡುವಷ್ಟರಲ್ಲಿ ಭುಜ ತಾನಾಗಿಯೇ ಹಿಂದೆ ಸರಿಯಲು ಕಲಿಯುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ, ಕುದುರೆ ಎಳೆಯುವ ಬೆರಳು ಜರ್ಕು ಹೊಡೆಯುತ್ತದೆ. ವರ್ಷಕ್ಕೆ ಒಂದು ವಾರ ಬೇಟೆಗೆ ಹೋಗುವವರಿಗೆ ನಾನು ಈ ತೋಟಾವನ್ನು ಶಿಫಾರಸು ಮಾಡುವುದಿಲ್ಲ.

.300 ವಿಂಚೆಸ್ಟರ್ ಮ್ಯಾಗ್ನಮ್ ಮುಂತಾದ, ಹೆಚ್ಚು ಮದ್ದಿನ ಅತಿವೇಗದ ತೋಟಾಗಳ ಬಗ್ಗೆಯೂ ಅದೇ ಮಾತು, ಇನ್ನೂ ಸ್ವಲ್ಪ ಖಾರವಾಗಿ. ಒಂದು ದೊಡ್ಡ ಪಟ್ಟಣದ ಅಂಗಡಿಯಲ್ಲಿ ಮಾರಾಟಗಾರರು, ನಾನು ಕೇಳಿದ್ದು .308 ಎಂದು ಗೊತ್ತಿದ್ದೂ, ಮೂಸ್‌ಗೆ ಮ್ಯಾಗ್ನಮ್ಮೇ ಬೇಕೆಂದು ಅರ್ಧ ಗಂಟೆ ಪಾಠ ಹೇಳಿದರು. ಗುಂಡಿನ ರಚನೆಯ ಬಗ್ಗೆ ಒಂದು ಪ್ರಶ್ನೆ ಕೇಳಿದರೆ ಉತ್ತರವಿರಲಿಲ್ಲ. ಕರಡಿಯ ಭಯವಿರುವ ಅಲಾಸ್ಕದಲ್ಲಿಯೂ ಅಲ್ಲಿನ ಮೀನು ಮತ್ತು ವನ್ಯಬೇಟೆ ಇಲಾಖೆ ಬೇಟೆಗಾರರಿಗೆ ಕೊಡುವ ಸಲಹೆ, ಒದೆತಕ್ಕೆ ಹೆದರುವಷ್ಟು ದೊಡ್ಡ ತೋಟಾ ಬೇಡ, ಚೆನ್ನಾಗಿ ಗುರಿಯಿಡಲು ಬರುವಂಥದ್ದನ್ನೇ ಆರಿಸಿಕೊಳ್ಳಿ ಎಂಬ ಧಾಟಿಯದ್ದು. ಮ್ಯಾಗ್ನಮ್ಮಿಗೆ ಇನ್ನೊಂದು ತೊಂದರೆಯಿದೆ: ಮೂವತ್ತು ನಲವತ್ತು ಮೀಟರಿನಲ್ಲಿ, ಅತಿವೇಗದ ಸಾಮಾನ್ಯ ಗುಂಡು ಭುಜದ ಮೂಳೆಗೆ ಬಡಿದು ಪುಡಿಯಾಗಿ, ಮುಂಗಾಲಿನ ಮಾಂಸವನ್ನೆಲ್ಲ ರಕ್ತದ ಮುದ್ದೆಯಾಗಿಸಿ, ಎದೆಗೂಡಿನೊಳಗೆ ಸಾಕಷ್ಟು ಆಳಕ್ಕೆ ಇಳಿಯದೆ ಹೋಗಬಹುದು.

ಉಳಿದದ್ದು .308 ಮತ್ತು .30-06. ಗುಂಡಿನ ವ್ಯಾಸ ಎರಡಕ್ಕೂ ಒಂದೇ, 7.8 ಮಿಲಿಮೀಟರ್. 1906ರ .30-06 ತೋಟಾದ ಕೊಳವೆ 63 ಮಿಲಿಮೀಟರ್ ಉದ್ದ, 1952ರ .308ರದ್ದು 51. ನಮ್ಮ ಸೇನೆಯವರು ದಶಕಗಳ ಕಾಲ ಹೊತ್ತ ಎಸ್‌ಎಲ್‌ಆರ್ ರೈಫಲ್ಲಿನ 7.62×51 ತೋಟಾ ಇದೇ .308ರ ಒಡಹುಟ್ಟು, ಸೇನೆಯಿಂದ ನಿವೃತ್ತರಾದ ಕೊಡಗಿನ ಹಿರಿಯರಿಗೆ ಇದರ ಒದೆತದ ಪರಿಚಯ ಚೆನ್ನಾಗಿಯೇ ಇರುತ್ತದೆ. 11.7 ಗ್ರಾಂ ಗುಂಡನ್ನು .30-06 ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಕಳಿಸಿದರೆ .308 ಸುಮಾರು 795ರಲ್ಲಿ ಕಳಿಸುತ್ತದೆ. ಈ 25 ಮೀಟರಿನ ವ್ಯತ್ಯಾಸ ಮೂಸ್‌ಗೆ ತಿಳಿಯುವುದಿಲ್ಲ. ತಂದೆಯಿಂದಲೋ ನೆರೆಯವರಿಂದಲೋ .30-06 ಬಂದಿದ್ದರೆ ಅದನ್ನೇ ಇಟ್ಟುಕೊಳ್ಳಿ. ಹೊಸದಾಗಿ ಕೊಳ್ಳುವವರಿಗೆ .308ರಲ್ಲಿ ಎರಡು ಅನುಕೂಲಗಳಿವೆ: ಅಭ್ಯಾಸದ ತೋಟಾ ಅಗ್ಗ, ಮತ್ತು ನಳಿಕೆ ಗಿಡ್ಡವಾಗಿದ್ದರೂ ವೇಗ ಅಷ್ಟಾಗಿ ಕುಸಿಯುವುದಿಲ್ಲವಾದ್ದರಿಂದ ಸೈಲೆನ್ಸರ್ ಸಿಕ್ಕಿಸಿದ ಮೇಲೂ ಕೋವಿ ಪೊದೆಗಳಿಗೆ ತಗಲಿಹಾಕಿಕೊಳ್ಳುವಷ್ಟು ಉದ್ದವಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಗುಂಡಿಗೆ ಬರೋಣ. 1946ರಲ್ಲಿ ಅಮೆರಿಕದ ಜಾನ್ ನೊಸ್ಲರ್ ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ ಮೂಸ್ ಬೇಟೆಗೆ ಹೋಗಿದ್ದರು. ಕೈಯಲ್ಲಿದ್ದದ್ದು .300 ಎಚ್ ಆಂಡ್ ಎಚ್ ಮ್ಯಾಗ್ನಮ್, ಆ ಕಾಲಕ್ಕೆ ಬಲಿಷ್ಠವಾದ ತೋಟಾ. ಮೈಗೆಲ್ಲ ಕೆಸರು ಮೆತ್ತಿಕೊಂಡು ಒಣಗಿಸಿಕೊಂಡಿದ್ದ ಒಂದು ಗಂಡು ಮೂಸ್ ಹತ್ತಿರದಿಂದಲೇ ಸಿಕ್ಕಿತು. ಆದರೆ ಗುಂಡುಗಳು ಮೇಲ್ಮೈಯಲ್ಲೇ ಸಿಡಿದು ಚೂರಾದವೇ ಹೊರತು ಒಳಗೆ ಇಳಿಯಲಿಲ್ಲ. ಊರಿಗೆ ಮರಳಿದ ಮೇಲೆ ಅವರು ಗುಂಡಿನ ನಡುವೆ ತಾಮ್ರಮಿಶ್ರಲೋಹದ ಅಡ್ಡಗೋಡೆಯೊಂದನ್ನು ಇಟ್ಟರು: ಮುಂದಿನ ಸೀಸ ಅರಳಿ ಉದುರಿದರೂ ಗೋಡೆಯ ಹಿಂದಿನ ಅರ್ಧ ಹಾಗೇ ಉಳಿದು ಆಳಕ್ಕೆ ನುಗ್ಗಬೇಕು ಎಂಬುದು ಉದ್ದೇಶ. ಅದೇ 1948ರಿಂದ ಮಾರಾಟಕ್ಕೆ ಬಂದ, ಇಂದಿಗೂ ಮಾರಾಟದಲ್ಲಿರುವ ಪಾರ್ಟಿಷನ್ ಗುಂಡು. ತೋಟಾ ದೊಡ್ಡದಾದ ಮಾತ್ರಕ್ಕೆ ಕೆಲಸ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅದೂ ನಾವು ಮಾತಾಡುತ್ತಿರುವ ಪ್ರಾಣಿಯದೇ ಸಾಕ್ಷಿ.

ಓರಿಕ್ಸ್ ಅದೇ ಸಮಸ್ಯೆಗೆ ಬೇರೊಂದು ದಾರಿ ಹಿಡಿದಿದೆ. ಇದರಲ್ಲಿ ಅಡ್ಡಗೋಡೆ ಇಲ್ಲ. ಬದಲಿಗೆ ಹಿಂಭಾಗದಲ್ಲಿ ಸೀಸದ ತಿರುಳನ್ನು ಹೊದಿಕೆಗೆ ಬೆಸೆದಿದ್ದಾರೆ, ಹಾಗಾಗಿ ಸೀಸ ಹೊದಿಕೆಯಿಂದ ಕಳಚಿ ಬರುವುದಿಲ್ಲ. ಮುಂಭಾಗದಲ್ಲಿ ಹೊದಿಕೆ ತೆಳುವಾಗಿದ್ದು, ಬೇಕಾದ ಜಾಗದಲ್ಲೇ ಸೀಳಲು ಒಳಗಡೆ ಗೀರುಗಳಿವೆ. ನಾವು ಕಡಿಯಲು ತೂಗುಹಾಕಿದ್ದ ಒಂದು ಹೆಣ್ಣು ಮೂಸಿನ ಚರ್ಮ ಸುಲಿಯುವಾಗ, ಗುಂಡು ಹೊಕ್ಕ ಬದಿಯ ಎದುರು ಬದಿಯಲ್ಲಿ, ಚರ್ಮಕ್ಕೂ ಪಕ್ಕೆಲುಬಿಗೂ ನಡುವೆ, ಒಂದು ಗಂಟು ಕೈಗೆ ತಗುಲಿತು. ಚಾಕುವಿನ ತುದಿಯಿಂದ ಬಿಡಿಸಿ ತೆಗೆದರೆ ಅದು ಗುಂಡು: ತಲೆ ಅಣಬೆಯಂತೆ ಅರಳಿ ಮೂಲ ವ್ಯಾಸದ ಎರಡರಷ್ಟಾಗಿತ್ತು, ಅಂಚಿನ ನಾಲ್ಕು ದಳಗಳು ಹಿಂದಕ್ಕೆ ಸುರುಳಿಯಾಗಿದ್ದವು, ಬೂದು ಸೀಸ ಇನ್ನೂ ಹೊದಿಕೆಗೆ ಅಂಟಿಕೊಂಡೇ ಇತ್ತು, ಬುಡದ ಭಾಗ ಮಾತ್ರ ಪೆಟ್ಟಿಗೆಯಿಂದ ಆಗತಾನೆ ತೆಗೆದಷ್ಟು ನುಣುಪಾಗಿತ್ತು. ಅಡುಗೆಮನೆಯ ಸೂಕ್ಷ್ಮ ತಕ್ಕಡಿಯಲ್ಲಿ ಅದು 11.1 ಗ್ರಾಂ ತೂಗಿತು. ಒಂದು ಪಕ್ಕೆಲುಬನ್ನು ಮುರಿದು, ಎರಡು ಶ್ವಾಸಕೋಶಗಳನ್ನು ದಾಟಿ, ಕಳೆದುಕೊಂಡದ್ದು ಅರ್ಧ ಗ್ರಾಂ ಚಿಲ್ಲರೆ. ಬೆಸೆಯದ ಅಗ್ಗದ ಗುಂಡುಗಳಲ್ಲಿ ಮೂರನೆಯ ಒಂದು ಭಾಗವೋ ಅರ್ಧವೋ ಮಾಂಸದೊಳಗೆ ಚೂರಾಗಿ ಹರಡುವುದು ಅಪರೂಪವಲ್ಲ.

ಈ ಗುಣದ ಇನ್ನೊಂದು ಮುಖವನ್ನೂ ಹೇಳಬೇಕು. ಇಷ್ಟು ಅಗಲವಾಗಿ ಅರಳುವ ಗುಂಡು ಕೆಲವೊಮ್ಮೆ ಎದುರು ಬದಿಯ ಚರ್ಮವನ್ನು ತೂರಿ ಹೊರಬರುವುದಿಲ್ಲ, ಮೇಲಿನ ಉದಾಹರಣೆಯಲ್ಲಿ ಆದಂತೆ. ಹೊರತೂತು ಇಲ್ಲದಿದ್ದರೆ ನೆಲದ ಮೇಲೆ ರಕ್ತದ ಜಾಡು ಸಣ್ಣದಾಗುತ್ತದೆ. ಒಣ ನೆಲದಲ್ಲಿ ಹೇಗೋ ನಡೆಯುತ್ತದೆ, ಆದರೆ ಅಕ್ಟೋಬರಿನ ಮಳೆಯಲ್ಲಿ, ಸಂಜೆ ಬೇಗ ಕತ್ತಲಾಗುವ ಹೊತ್ತಿನಲ್ಲಿ, ಒದ್ದೆ ಬಿಲ್‌ಬೆರಿ ಗಿಡಗಳ ನಡುವೆ ಆ ಜಾಡು ಹುಡುಕುವುದು ಕಷ್ಟ. ಮೂಸ್ ಬೇಟೆಯಲ್ಲಿ ಜಾಡು ಹಿಡಿಯಲು ತರಬೇತಾದ ನಾಯಿಯನ್ನು ಎರಡು ಗಂಟೆಯೊಳಗೆ ಸ್ಥಳಕ್ಕೆ ತರಿಸುವ ಏರ್ಪಾಡು ಇರಲೇಬೇಕೆಂದು ಸ್ವೀಡನ್ನಿನ ನಿಯಮ ಹೇಳುವುದು ಸುಮ್ಮನೆ ಅಲ್ಲ. ಹೊರತೂತಿನ ಖಾತ್ರಿಯೇ ಮುಖ್ಯವೆನ್ನುವವರಿಗೆ ಓರಿಕ್ಸ್‌ಗಿಂತ ಪಾರ್ಟಿಷನ್ ಅಥವಾ ತಾಮ್ರದ ಗುಂಡು ಮೇಲು.

ಎರಡನೆಯ ಕೊರತೆ ಹಾರಾಟದ್ದು. ಮೂತಿ ಮೊಂಡಾಗಿರುವ ಗುಂಡಾದ್ದರಿಂದ ಗಾಳಿಯಲ್ಲಿ ವೇಗ ಬೇಗ ಕಳೆದುಕೊಳ್ಳುತ್ತದೆ. .308ರಲ್ಲಿ ನಳಿಕೆಯ ಬಾಯಲ್ಲಿ 3700 ಜೂಲ್ ಇದ್ದದ್ದು ನೂರು ಮೀಟರಿಗೆ ಸುಮಾರು 2800ಕ್ಕೆ ಇಳಿದಿರುತ್ತದೆ. ನೂರು ಮೀಟರಿಗೆ ದುರ್ಬೀನನ್ನು ಹೊಂದಿಸಿದರೆ ಇನ್ನೂರಕ್ಕೆ ಸುಮಾರು 15 ಸೆಂಟಿಮೀಟರ್ ಕೆಳಗೆ ಬೀಳುತ್ತದೆ, ಮುನ್ನೂರಕ್ಕೆ ಅರ್ಧ ಮೀಟರಿಗೂ ಹೆಚ್ಚು. ಕಡಿದ ಕಾಡಿನ ವಿಶಾಲ ಬಯಲಿನಾಚೆಗೆ ನಿಂತ ಮೂಸ್‌ಗೆ ಇದು ತಕ್ಕ ಗುಂಡಲ್ಲ. ಆದರೆ ನಾನು ಬೇಟೆಯಾಡುವ ತಂಡದಲ್ಲಿ ಹೆಚ್ಚಿನ ಈಡುಗಳು ನೂರು ಮೀಟರಿನೊಳಗೇ ನಡೆಯುತ್ತವೆ: ಒಂದಿಬ್ಬರು ನಾಯಿಯೊಡನೆ ಕಾಡನ್ನು ಸೋವುತ್ತ ಬರುತ್ತಾರೆ, ಉಳಿದವರು ಗೊತ್ತುಪಡಿಸಿದ ಜಾಗದಲ್ಲಿ ಸದ್ದಿಲ್ಲದೆ ಕಾಯುತ್ತಾರೆ. ಇದು ನಮ್ಮ ಮಲೆನಾಡಿನ ಹಳೆಯ ಸೋವು ಬೇಟೆಯ ವರ್ಣನೆಗಳನ್ನು ಕೇಳಿದವರಿಗೆ ಹೊಸದೇನಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿ ಎಲ್ಲರ ಕಿವಿಯಲ್ಲೂ ರೇಡಿಯೊ ಇರುತ್ತದೆ, ಎಲ್ಲರ ತಲೆಯ ಮೇಲೂ ಕಿತ್ತಳೆ ಬಣ್ಣದ ಟೋಪಿ ಇರುತ್ತದೆ.

ನಿಖರತೆಯಲ್ಲಿ ಓರಿಕ್ಸ್ ಸ್ಪರ್ಧೆಯ ಗುಂಡಲ್ಲ, ಅದರ ಅಗತ್ಯವೂ ಇಲ್ಲ. ನನ್ನ ಟಿಕ್ಕಾ ರೈಫಲ್ಲಿನಲ್ಲಿ ನೂರು ಮೀಟರಿಗೆ ಮೂರು ಗುಂಡುಗಳು ನಾಲ್ಕು ಸೆಂಟಿಮೀಟರಿನೊಳಗೆ ಬೀಳುತ್ತವೆ. ಮೂಸ್‌ನ ಮರ್ಮಸ್ಥಾನ ಅದರ ಎಷ್ಟೋ ಪಟ್ಟು ದೊಡ್ಡದು. ನಿಜವಾದ ಪರೀಕ್ಷೆ ನಡೆಯುವುದು ಬೆಂಚಿನ ಮೇಲಲ್ಲ, 80 ಮೀಟರ್ ದೂರದಲ್ಲಿ ಹಳಿಯ ಮೇಲೆ ಓಡುವ ಮೂಸ್ ಆಕಾರದ ಗುರಿಹಲಗೆಯ ಎದುರು. ನಿಂತುಕೊಂಡು, ಯಾವ ಆಸರೆಯೂ ಇಲ್ಲದೆ. ಒದೆತ ಹಿತವಾಗಿರುವ ತೋಟಾದ ಬೆಲೆ ತಿಳಿಯುವುದು ಅಲ್ಲಿಯೇ. ಅಭ್ಯಾಸಕ್ಕೆ ಅಗ್ಗದ ತೋಟಾ ಬಳಸುವವರು ಹಂಗಾಮು ಆರಂಭವಾಗುವ ಮೊದಲು, ಅಂದರೆ ಉತ್ತರದಲ್ಲಿ ಸೆಪ್ಟೆಂಬರ್ ಮೊದಲ ಸೋಮವಾರಕ್ಕೂ ದಕ್ಷಿಣದಲ್ಲಿ ಅಕ್ಟೋಬರ್ ಎರಡನೆಯ ಸೋಮವಾರಕ್ಕೂ ಮುಂಚೆ, ಬೇಟೆಯ ತೋಟಾದಿಂದಲೇ ದುರ್ಬೀನನ್ನು ಮತ್ತೆ ಹೊಂದಿಸಿಕೊಳ್ಳಬೇಕು. ಒಂದೇ ತೂಕದ ಎರಡು ಬೇರೆ ಗುಂಡುಗಳು ಒಂದೇ ಕಡೆ ಬೀಳುತ್ತವೆಂದು ನಂಬಲು ಯಾವ ಕಾರಣವೂ ಇಲ್ಲ.

ಮೂರನೆಯ ಕೊರತೆ ಸೀಸ. ಬೆಸೆದ ಗುಂಡು ಚೂರಾಗುವುದು ಕಡಿಮೆಯಾದರೂ ಪೂರ್ತಿ ಇಲ್ಲವೆಂದಲ್ಲ. ಕಣ್ಣಿಗೆ ಕಾಣದ ಕಣಗಳು ಗಾಯದ ಸುತ್ತಲಿನ ಮಾಂಸದಲ್ಲಿ ಉಳಿಯುತ್ತವೆ. ಸ್ವೀಡನ್ನಿನ ಆಹಾರ ಇಲಾಖೆ ಗುಂಡಿನ ದಾರಿಯ ಸುತ್ತಲಿನ ಮಾಂಸವನ್ನು, ಹಾನಿ ಕಾಣುವುದಕ್ಕಿಂತಲೂ ಆಚೆಯವರೆಗೆ, ಧಾರಾಳವಾಗಿ ಕತ್ತರಿಸಿ ಎಸೆಯಲು ಹೇಳುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು, ಭುಜದ ಮಾಂಸವನ್ನು ಖೀಮಾ ಮಾಡಿ ಫ್ರೀಜರಿನಲ್ಲಿಟ್ಟು ವರ್ಷವಿಡೀ ಬಳಸುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅಂಥವರಿಗೆ ತಾಮ್ರದ ಗುಂಡೇ ಸರಿಯಾದ ಆಯ್ಕೆ. ಅಮೆರಿಕದ ಬಾರ್ನ್ಸ್ ಕಂಪನಿ 1989ರಲ್ಲಿ ಇಡೀ ತಾಮ್ರದಲ್ಲೇ ಮಾಡಿದ ಎಕ್ಸ್ ಗುಂಡನ್ನು ತಂದಿತು. ಈಗ ನಾರ್ಮಾದ ಇಕೋಸ್ಟ್ರೈಕ್, ಫಿನ್‌ಲೆಂಡಿನ ಲಪುವಾದ ನ್ಯಾಚುರಾಲಿಸ್ ಇತ್ಯಾದಿಗಳಿವೆ. ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಅರಳಲು ಹೆಚ್ಚಿನ ವೇಗವೂ ಬೇಕು. ಆದ್ದರಿಂದ ಸೀಸದ ಗುಂಡಿಗೆ 11.7 ಗ್ರಾಂ ಆರಿಸುವಲ್ಲಿ ತಾಮ್ರಕ್ಕೆ 10 ಗ್ರಾಂ ಆಸುಪಾಸಿಗೆ ಇಳಿಯಬೇಕು. ತೂಕ ಉಳಿಯುವುದರಲ್ಲೂ ಹೊರತೂತು ಬೀಳುವುದರಲ್ಲೂ ಇವುಗಳದು ಮೇಲುಗೈ, ಮಾಂಸ ಹಾಳಾಗುವುದೂ ಕಡಿಮೆ. ತೂತು ಕಿರಿದಾಗಿರುವುದರಿಂದ ಪ್ರಾಣಿ ಬೀಳುವ ಮೊದಲು ಇನ್ನಷ್ಟು ದೂರ ನಡೆಯಬಹುದೆಂಬ ದೂರು ನಮ್ಮ ತಂಡದ ಹಿರಿಯರಲ್ಲಿದೆ; ನನಗೆ ಅದು ಅರ್ಧ ನಿಜ, ಅರ್ಧ ಅಭ್ಯಾಸಬಲದ ಮಾತೆನಿಸುತ್ತದೆ.

6.5×55 ಇರುವವರಿಗೆ ಮಾತ್ರ ಇಲ್ಲಿ ಇಕ್ಕಟ್ಟು. ಆ ತೋಟಾದ ತಾಮ್ರದ ಗುಂಡುಗಳಲ್ಲಿ ಹಲವು 8 ಗ್ರಾಂ ಆಸುಪಾಸಿನವು. ಅವು ಮೇಲೆ ಹೇಳಿದ 9 ಗ್ರಾಂ ಗಡಿಯ ಕೆಳಗೇ ಉಳಿಯುತ್ತವೆ. ಕೊಳ್ಳುವ ಮೊದಲು ತೂಕವನ್ನೂ ನೂರು ಮೀಟರಿನ ಶಕ್ತಿಯನ್ನೂ ಆ ವರ್ಷದ ನಿಯಮದೊಂದಿಗೆ ತಾಳೆ ನೋಡಬೇಕು. .308ರವರಿಗೆ ಆ ತಲೆನೋವಿಲ್ಲ. ಮುಂದಿನ ಹಂಗಾಮಿಗೆ ನಾನು ಓರಿಕ್ಸ್‌ನ ಉಳಿದ ಪೆಟ್ಟಿಗೆಗಳನ್ನು ನಾಯಿಯೊಡನೆ ಆಡುವ ಬೇಟೆಗೆ ಇಟ್ಟುಕೊಂಡು, ಬಯಲಿನ ಅಂಚಿನಲ್ಲಿ ಕಾಯುವ ದಿನಗಳಿಗೆ 10.7 ಗ್ರಾಂ ತಾಮ್ರದ ಗುಂಡನ್ನು, ಒಂದೇ ಲಾಟ್ ಸಂಖ್ಯೆಯ, ಅಂದರೆ ಒಂದೇ ಸಲ ತಯಾರಾದ, ಪೆಟ್ಟಿಗೆಗಳನ್ನೇ ಆರಿಸಿ ತರಲಿದ್ದೇನೆ. ಅದಕ್ಕೆ ಮುಂಚೆ ನಳಿಕೆಯನ್ನು ತಾಮ್ರ ಕರಗಿಸುವ ದ್ರಾವಣದಿಂದ ಪೂರ್ತಿ ಶುಚಿಮಾಡಿ, ದುರ್ಬೀನಿನ ಎರಡು ಹೊಂದಾಣಿಕೆಗಳನ್ನೂ ಬೇರೆಬೇರೆಯಾಗಿ ಚೀಟಿಯಲ್ಲಿ ಬರೆದು ಕೋವಿಯ ಹಿಡಿಗೆ ಅಂಟಿಸಬೇಕಾಗಿದೆ.